ಬರೆ ಮೊದಲೋ, ಗಂಟು ಮೊದಲೋ

ಗಂಡಸಿ ಊರಿನ ಸುವರ್ಣಮ್ಮನ ಕೈಗೆ ಹೆದರದ ಪ್ರಾಣಿ ಆ ಹೋಬಳಿಯಲ್ಲೇ ಇರಲಿಲ್ಲ, ಎರಡು ಕಾಲಿಂದಾಗಲಿ, ನಾಲ್ಕು ಕಾಲಿಂದಾಗಲಿ. ಹಸು ಕುಂಟಿದರೆ ಬರೆ, ಮಗುವಿಗೆ ಕಾಮಾಲೆ ಬಂದರೆ ಬರೆ. ಕುಡುಗೋಲಿನ ತುದಿಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಚುರ್ ಅನ್ನಿಸಿಬಿಡೋಳು. ಕೂಗಾಡಿದವರಿಗೆ ಕಪಾಳಕ್ಕೊಂದು ಬೇರೆ! "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ" ಅಂತ ಯಾವನೋ ಕಿಚಾಯಿಸಿದ್ದಕ್ಕೆ ಅವನ ಟವೆಲ್ ಕಿತ್ತು ಚರಂಡಿಗೆ ಎಸೆದಿದ್ದಳು. ಕೈಗುಣ ಐತೆ ಅಂತ ಜನ ಹೇಳಿ ಹೇಳಿಯೇ ಅದು ಅವಳ ತಲೆಗೇರಿತ್ತು.

ಹೋದ ಯುಗಾದಿ ಹೊತ್ತಿಗೆ ಅವಳ ಎಡ ಮೊಲೆಯಲ್ಲೇ ಹುಣಸೆ ಬೀಜದಷ್ಟು ಗಂಟು ಕೈಗೆ ಸಿಕ್ಕಿತು. ಎರಡು ತಿಂಗಳಲ್ಲಿ ನಿಂಬೆಹಣ್ಣಾಯಿತು. ಸೆರಗಿನ ತುದಿ ಕಚ್ಚಿಕೊಂಡು ತನಗೆ ತಾನೇ ಬರೆ ಎಳೆದುಕೊಂಡಳು. ಚರ್ಮ ಸುಟ್ಟ ವಾಸನೆಗೆ ಗಂಡ ಕರಿಯಯ್ಯ ಹೊರಗೆ ಓಡಿ ವಾಂತಿ ಮಾಡಿಕೊಂಡ. "ಥೂ, ಗಂಡ್ಸಂತೆ ಗಂಡ್ಸು!" ಅಂತ ಅವನಿಗೂ ಉಗಿದಳು.

ಅದಾದ ತಿಂಗಳಿಗೆ, ಹಾರನಹಳ್ಳಿಗೆ ಕೊಟ್ಟಿದ್ದ ಮಗಳು ದಿವ್ಯಾ ಬಂದು, "ಅವ್ವಾ, ನಂಗೂ ಎದೇಲಿ ಗಂಟೈತೆ. ಹಾಸನಕ್ಕೆ ಹೋಗಿ ತೋರಿಸ್ತೀನಿ" ಅಂದಳು. ಆಸ್ಪತ್ರೆಯ ಹೆಸರೆತ್ತಿದ್ದೇ ತಪ್ಪಾಯಿತು. ಹುಡುಗಿಯನ್ನು ನೆಲಕ್ಕೆ ಕೆಡವಿ, ಕೈಗಳನ್ನು ಮಂಡಿಯಡಿ ಅದುಮಿ, ಬರೆ ಎಳೆದೇ ಬಿಟ್ಟಳು. ಅಯ್ಯೋ, ಆ ಕೂಗು! ಬೀದಿಯವರೆಲ್ಲ ಬಾಗಿಲಿಗೆ ಬಂದರು, ಒಬ್ಬರೂ ಒಳಗೆ ಬರಲಿಲ್ಲ. ಅವತ್ತು ಹೋದ ದಿವ್ಯಾ ತವರಿನ ಕಡೆ ತಲೆ ಹಾಕಲಿಲ್ಲ.

ಸುವರ್ಣಮ್ಮನ ಗಾಯ ಮಾಯಿತು, ಗಂಟು ಮಾಯಲಿಲ್ಲ. ಎಡಗೈ ಎತ್ತಲಾಗದ ಹಾಗಾದಾಗ ಕರಿಯಯ್ಯ, ಜೀವಮಾನದಲ್ಲಿ ಮೊದಲ ಸಲ, ಹೆಂಡತಿಯ ರಟ್ಟೆ ಹಿಡಿದು ಬಸ್ಸು ಹತ್ತಿಸಿದ. ಹಾಸನದ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ದಾರದೆಳೆಯಷ್ಟು ಮಾಂಸ ತೆಗೆದರು.

ಆ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ ಡಾಕ್ಟರೇ ಗಂಡ ಹೆಂಡತಿಯನ್ನು ಕರೆಸಿದರು. ಹಳೇಬೀಡಿನ ಜೈನರ ಮನೆ ಹೆಣ್ಣುಮಗಳು, ದರ್ಶಿನಿ.

"ಅಮ್ಮಾ, ಇದರ ತುಂಬ ಎರಡೂ ತುದಿ ಚೂಪಾದ ಉದ್ದುದ್ದ ಜೀವಕೋಶಗಳಿವೆ. ಸುಟ್ಟ ಗಾಯ ಮಾಯುವಾಗಲೂ ಇಂಥವೇ ಬರ್ತವೆ. ಒಂದು ಜಾತಿ ಕ್ಯಾನ್ಸರೂ ಥೇಟ್ ಹೀಗೇ ಕಾಣ್ತದೆ. ಸೂಜಿ ಬರೀ ಮೇಲಿನ ಬರೆ ಕಲೆಗೆ ತಾಗಿದೆಯೋ ಏನೋ. ಬರೆ ಮೊದಲಾದರೆ ಈ ಗಂಟು ಬರೀ ಕಲೆ ಇರಬಹುದು, ಗಂಟು ಮೊದಲಾದರೆ ಕಲೆ ಕೆಳಗೂ ಚುಚ್ಚಿ ನೋಡಬೇಕು. ನಿಜ ಹೇಳಿ, ಬರೆ ಮೊದಲೋ, ಗಂಟು ಮೊದಲೋ?"

"ಬರೆ ಮೊದ್ಲು" ಅಂದಳು ಸುವರ್ಣಮ್ಮ. "ಒಲೆ ಮೇಲೆ ಬಿದ್ದೆ. ಆಮೇಲೆ ಗಂಟಾಯ್ತು."

ಗಂಟೇ ಮೊದಲು ಅಂದರೆ ತನ್ನ ಬರೆ ಸೋತ ಹಾಗೆ. ಬರೆ ಸೋತಿದ್ದರೆ ದಿವ್ಯಾಳ ಗಂಟೂ ಹಾಗೇ ಕೂತಿರುತ್ತೆ. ಅಷ್ಟು ಹೊಳೆದಿದ್ದೇ ತಡ, ಅವಳು ಸೆರಗನ್ನು ಎದೆ ಮೇಲೆ ಎಳೆದುಕೊಂಡಳು.

"ಸುಳ್ಳು ಬೊಗಳಬ್ಯಾಡ ಕಣೇ!" ಕರಿಯಯ್ಯ ಎದ್ದು ನಿಂತ. "ಗಂಟೇ ಮೊದ್ಲು ತಾಯಿ. ಗಂಟಿಗೇ ಸುಟ್ಕೊಂಡ್ಳು. ಮಗಳನ್ನೂ ಸುಟ್ಟವ್ಳೆ!"

ಸುವರ್ಣಮ್ಮನ ಬಲಗೈ ಅವನ ಮುಖಕ್ಕೆ ಬಡಿಯಿತು. ತುಟಿ ಒಡೆದು ರಕ್ತ ಮೇಜಿನ ಮೇಲೆ ಹನಿಯಿತು. ಡಾಕ್ಟರು ಅಡ್ಡ ಬಂದರು. ಎರಡನೇ ಏಟಿಗೆ ಎತ್ತಿದ ಕೈ ಹಾಗೇ ಇಳಿಯಿತು. ಅವಳು ಅಲ್ಲೇ ನೆಲದ ಮೇಲೆ ಕೂತಳು.

"ಹೌದವ್ವಾ, ಗಂಟೇ ಮೊದ್ಲು" ಅಂದಳು. "ಇಬ್ಬರ್ದೂ."

"ಮಗಳನ್ನ ಇವತ್ತೇ ಕರ್ಕೊಂಡು ಬನ್ನಿ" ಅಂದರು ದರ್ಶಿನಿ. ಸುವರ್ಣಮ್ಮನಿಗೆ ಮತ್ತೆ ಸೂಜಿ ಬಿತ್ತು, ಕಲೆಯ ಕೆಳಗೆ, ಆಳಕ್ಕೆ. ದಿವ್ಯಾ ಫೋನ್ ಎತ್ತಲಿಲ್ಲ. ಮನೆಗೇ ಹೋಗಿ ಮುಖ ತೋರಿಸೋ ಧೈರ್ಯ ಸುವರ್ಣಮ್ಮನಿಗೆ ಬರಲಿಲ್ಲ. ಊರಿಗೆ ಊರನ್ನೇ ನಡುಗಿಸಿದವಳು ಹೆತ್ತ ಮಗಳಿಗೆ ಹೆದರಿದಳು. ಹತ್ತು ದಿನ ಹೀಗೇ ಹಾಳಾಯಿತು. ಹನ್ನೊಂದನೇ ದಿನ, ಆಳದಿಂದ ತೆಗೆದ ಚೂರಿಗೆ ಬಣ್ಣ ಹಾಕಿ ಹಾಕಿ ನೋಡಿದ ಡಾಕ್ಟರು ಕ್ಯಾನ್ಸರೇ ಅಂದರು.

ಅವಳು ಸೀದಾ ಹಾರನಹಳ್ಳಿಗೆ ಹೋದಳು. ಅಂಗಳ ಗುಡಿಸುತ್ತಿದ್ದ ದಿವ್ಯಾ ಅವ್ವನನ್ನು ಕಂಡವಳೇ ಎದೆ ಮುಚ್ಚಿಕೊಂಡು ಗೋಡೆಗೆ ಒರಗಿದಳು. ಆಮೇಲೆ ಪೊರಕೆ ತಿರುಗಿಸಿ ಹಿಡಿದು ಬಾರಿಸಿದಳು. ತಲೆಗೆ, ಬೆನ್ನಿಗೆ, ಕೈಗೆ. ಸುವರ್ಣಮ್ಮ ಕದಲಲಿಲ್ಲ.

"ಹೊಡಿ ಕಣೇ, ತಪ್ಪೇನಿಲ್ಲ. ನಂದು ಕ್ಯಾನ್ಸರಂತೆ. ನಿಂದು ಏನೋ ಗೊತ್ತಿಲ್ಲ. ಈಗ ಹಾಸನದ ಬಸ್ ಬತ್ತದೆ. ಉಳಿದಿದ್ದು ಬಸ್ಸಲ್ಲಿ ಹೊಡೀವಂತೆ, ನಡಿ."

ದಿವ್ಯಾ ಪೊರಕೆ ಬಿಡದೆಯೇ ಬಸ್ಸು ಹತ್ತಿದಳು.