ಸಂಜೆಯ ವ್ಯಾನಿನ ಅಮ್ಮ

ಮೊನ್ನೆ ಔಷಧದಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದವರು ನೋವಿನ ಬಾಮಿನ ಪುಟ್ಟ ಸೀಸೆಯೊಂದರ ಮುಚ್ಚಳ ತಿರುಗಿಸಿ ಮೂಸಿ ನೋಡಿದರು. ಕರ್ಪೂರ, ಪುದೀನ, ನೀಲಗಿರಿ ಎಣ್ಣೆ ಎಲ್ಲ ಬೆರೆತ ಆ ಘಾಟು ಗಾಳಿಯಲ್ಲಿ ತೇಲಿ ಬಂದು ಮೂಗಿಗೆ ಸೋಕಿದ್ದೇ ತಡ, ನನ್ನ ಕಣ್ಣು ತಾನಾಗಿ ಒದ್ದೆಯಾಯಿತು. ಏನು ಕೊಳ್ಳಲು ಬಂದಿದ್ದೆನೋ ಅದು ಮರೆತೇ ಹೋಯಿತು. ಎಷ್ಟೋ ವರ್ಷ ಆ ವಾಸನೆ ನಮ್ಮ ಮನೆಯ ಸಂಜೆಯ ವಾಸನೆಯಾಗಿತ್ತು. ಅಮ್ಮನ ಸೀರೆಯಲ್ಲಿ, ಕೂದಲಲ್ಲಿ, ಬೆರಳ ಸಂದಿಯಲ್ಲಿ ಅದು ಕೂತಿರುತ್ತಿತ್ತು. ಅವಳು ತಟ್ಟೆಗೆ ಹಾಕುತ್ತಿದ್ದ ಮುದ್ದೆಯಲ್ಲೂ ಒಂದಿಷ್ಟು ತಣ್ಣನೆಯ ಖಾರವಿದ್ದಂತೆ ನನಗೆ ಅನಿಸುತ್ತಿತ್ತು.

ಮಾಕಳಿಯಲ್ಲಿ, ತುಮಕೂರು ರಸ್ತೆಯಿಂದ ಒಂದು ಕೂಗಳತೆ ಒಳಗೆ ನಮ್ಮ ಮನೆಯಿತ್ತು. ನಾಡಹೆಂಚಿನ ಸೂರು, ಮುಂದೆ ಕೆಮ್ಮಣ್ಣು ಸಾರಿಸಿದ ಜಗಲಿ, ಪಕ್ಕದಲ್ಲಿ ಒಂದೇ ಒಂದು ಹಸುವಿನ ಕೊಟ್ಟಿಗೆ, ಹಿತ್ತಲಲ್ಲಿ ಹುಲ್ಲಿನ ಬಣವೆ. ನಡುಮನೆಯ ಮೂಲೆಯಲ್ಲಿ ನನಗಿಂತ ಎತ್ತರದ ಮಣ್ಣಿನ ವಾಡೆಯೊಂದು ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ವರ್ಷಕ್ಕಾಗುವ ರಾಗಿಯೆಲ್ಲ ಅದರೊಳಗೇ. ಮಧ್ಯಾಹ್ನದ ಹೊತ್ತು ಆ ಮನೆ ನಿದ್ದೆಗಣ್ಣಿನಲ್ಲಿದ್ದಂತೆ ಇರುತ್ತಿತ್ತು. ಹೆಂಚಿನ ಸಂದಿಯಿಂದ ಇಳಿದ ಬಿಸಿಲಿನಲ್ಲಿ ಧೂಳು ಮೆಲ್ಲಗೆ ಸುತ್ತುತ್ತಿತ್ತು, ಹಸು ಮೆಲುಕು ಹಾಕುತ್ತಿತ್ತು, ದೂರದ ರಸ್ತೆಯ ಲಾರಿಗಳ ಸದ್ದು ಯಾರದೋ ಕನಸಿನೊಳಗಿನ ಹೊಳೆಯಂತೆ ಹರಿಯುತ್ತಿತ್ತು. ನಿಮಗೂ ಅಂಥದೊಂದು ಮನೆ ಇದ್ದಿರಬಹುದು. ಇದ್ದರೆ, ಈಗಲೂ ಕಣ್ಣು ಮುಚ್ಚಿಕೊಂಡು ಅದರ ಕತ್ತಲಲ್ಲಿ ಎಲ್ಲಿಯೂ ಎಡವದೆ ನೀವು ನಡೆಯಬಲ್ಲಿರಿ.

ನಾವು ಐದು ಜನ. ಅಪ್ಪ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತು ಯಂತ್ರ ಓಡಿಸುತ್ತಿದ್ದ. ಅಪ್ಪನ ತಾಯಿ, ನಮ್ಮಜ್ಜಿ, ಜಗಲಿಯಲ್ಲಿ ಕೂತೇ ಇಡೀ ಊರನ್ನು ಆಳುತ್ತಿದ್ದಳು. ನನಗೆ ಆಗ ಹತ್ತು ವರ್ಷ, ತಂಗಿ ಪುಟ್ಟಿಗೆ ನಾಲ್ಕು. ಇನ್ನು ಅಮ್ಮ. ಅವಳನ್ನು ನೆನೆದರೆ ಮೊದಲು ಕಾಣುವುದು ಹೊಲವೇ. ಅವರೆಸಾಲಿನ ನಡುವೆ ಬಗ್ಗಿದ ಬೆನ್ನು, ಮಂಡಿಯವರೆಗೆ ಎತ್ತಿ ಕಟ್ಟಿದ ಸೀರೆ, ನಮ್ಮನ್ನು ಕಂಡಾಗ ಹಣೆಗೆ ಅಡ್ಡ ಹಿಡಿದ ಕೈ. ಆಮೇಲೆ ಆ ಹೊಲ ಗೋಡೌನಿನವರ ಪಾಲಾಯಿತು. ರಾಗಿ ತೆನೆ ತೂಗುತ್ತಿದ್ದ ಕಡೆ ನೀಲಿ ತಗಡಿನ ಗೋಡೆ ಎದ್ದಿತು. ಅಮ್ಮ ಅಡುಗೆ ಮುಗಿಸಿ ಜಗಲಿಗೆ ಬಂದು ಕೂರುತ್ತಿದ್ದಳು. ಅವಳ ಎರಡೂ ಕೈಗಳು ಮಡಿಲಲ್ಲಿ ಅಂಗಾತ ಬಿದ್ದಿರುತ್ತಿದ್ದವು. ಅಷ್ಟು ಸುಮ್ಮನಿದ್ದ ಕೈಗಳನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಮಾದನಾಯಕನಹಳ್ಳಿಯ ಆಚೆ ಬಾಮು ತುಂಬುವ ಕಂಪನಿಯೊಂದು ಹೆಂಗಸರನ್ನು ಕೆಲಸಕ್ಕೆ ಕರೆಯುತ್ತಿದೆ, ಅವರದೇ ವ್ಯಾನು ಬಂದು ಕರೆದುಕೊಂಡು ಹೋಗಿ ಸಂಜೆ ತಂದು ಬಿಡುತ್ತದೆ ಎಂಬ ಸುದ್ದಿ ಬಂದಾಗ ಅಮ್ಮ ಮೊದಲು ಅಜ್ಜಿಯನ್ನೇ ಕೇಳಿದಳು.

"ಒಲದ ಕೆಲ್ಸ ಬೇರೆ, ಕಂಪ್ನಿ ಕೆಲ್ಸ ಬೇರೆ ಕಣವ್ವ. ಮಗೀನ ಯಾರ್ ನೋಡ್ಕಳದು?" ಎಂದಳು ಅಜ್ಜಿ.

"ನೀವಿಲ್ವಾ ಅತ್ತೆ? ಕೈ ಕಟ್ಕಂಡು ಎಷ್ಟ್ ದಿನ ಅಂತ ಕೂರ್ಲಿ? ಉಚ್ಚು ಇಡ್ದಂಗಾಯ್ತದೆ ನಂಗೆ."

ಅಜ್ಜಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಮುಂದಿನ ಸೋಮವಾರ ಅಮ್ಮ ಹೊರಟಳು.

ಮನೆ ಬದಲಾದದ್ದು ಆ ಬೆಳಗ್ಗೆಯಿಂದ. ಪುಟ್ಟಿಯ ತಲೆ ಬಾಚುವ ಕೆಲಸ ನನ್ನ ಪಾಲಿಗೆ ಬಂತು. ಅಜ್ಜಿಯ ಕಣ್ಣಿಗೆ ಬೈತಲೆ ಕಾಣುತ್ತಿರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ, ಎರಡು ಭಾಗ ಮಾಡಿ, ಮೂರು ಎಳೆ ಹೆಣೆದು ಕೆಂಪು ಟೇಪು ಕಟ್ಟುವಷ್ಟರಲ್ಲಿ ನನ್ನ ಹಣೆಯಲ್ಲಿ ಬೆವರೊಡೆಯುತ್ತಿತ್ತು. ಅಂಗನವಾಡಿಯ ದಾರಿಯಲ್ಲಿ ಸಿಕ್ಕ ನನ್ನ ಗೆಳೆಯರು, "ಏನ್ ಗುರು, ಬ್ಯೂಟಿ ಪಾರ್ಲರ್ ಇಟ್ಬಿಟ್ಯಾ?" ಎಂದು ನಗುತ್ತಿದ್ದರು. ನಗಲಿ ಎಂದುಕೊಂಡೆ. ಜಡೆ ಸೊಟ್ಟಗಾಗದಂತೆ ಹೆಣೆಯುವುದು ಕಲಿತ ದಿನ ನನಗಾದ ಹೆಮ್ಮೆ ಕ್ರಿಕೆಟ್ಟಿನಲ್ಲಿ ಎಂದೂ ಆಗಿರಲಿಲ್ಲ. ಅನ್ನಕ್ಕೆ ನೀರಿನ ಅಳತೆ ನೋಡುವುದು, ಹಾಲು ಉಕ್ಕುವ ಮುಂಚಿನ ಆ ಸಣ್ಣ ಸದ್ದು ಗುರುತಿಸುವುದು, ಇವೆಲ್ಲ ಆ ವರ್ಷ ಬಂದ ವಿದ್ಯೆಗಳು.

ಪುಟ್ಟಿ ಮಾತ್ರ ಮಾತು ಕಡಿಮೆ ಮಾಡಿದಳು. ಅಂಗನವಾಡಿಯಲ್ಲಿ ಪಕ್ಕದ ಮಗುವಿನ ತೋಳು ಕಚ್ಚಿದಳು. ಅಜ್ಜಿ ತುತ್ತು ಕೊಟ್ಟರೆ ಬಾಯಿ ಬಿಗಿಯುತ್ತಿದ್ದಳು. ಮಧ್ಯಾಹ್ನ ಅಮ್ಮನ ಹಳೇ ಸೀರೆಯೊಂದನ್ನು ಎಳೆದುಕೊಂಡು ಅದರೊಳಗೆ ಸುರುಳಿ ಸುತ್ತಿ ಮಲಗುತ್ತಿದ್ದಳು. ಸಂಜೆ ರಸ್ತೆಯ ತಿರುವಿನಲ್ಲಿ ವ್ಯಾನು ಎರಡು ಸಲ ಹಾರನ್ ಮಾಡಿದ್ದು ಕೇಳಿದರೆ ಸಾಕು, ಎಲ್ಲ ಮಕ್ಕಳು ಓಡುವುದು ರಸ್ತೆಯ ಕಡೆಗಾದರೆ ಅವಳು ಓಡುತ್ತಿದ್ದುದು ಮನೆಯೊಳಕ್ಕೆ. ಅಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಪುಟ್ಟಿ ಮಾಯ.

ಮೊದಮೊದಲು ಅಮ್ಮನ ಮುಖ ಸಪ್ಪಗಾಗುತ್ತಿತ್ತು. ದಿನವೆಲ್ಲ ದುಡಿದು ಬಂದವಳ ಮುಖ ನೋಡದೆ ಮಗು ಅವಿತುಕೊಳ್ಳುತ್ತದಲ್ಲ ಎಂದು ಅಜ್ಜಿ ಗದರುತ್ತಿದ್ದಳು. ಒಂದು ಸಂಜೆ ಬಣವೆಯ ಹಿಂದಿನಿಂದ ಪುಟ್ಟಿಯನ್ನು ಎತ್ತಿ ತಂದ ಅಮ್ಮ, ಅವಳ ತಲೆಯಲ್ಲಿ ಸಿಕ್ಕಿದ್ದ ಹುಲ್ಲು ಕಡ್ಡಿಗಳನ್ನು ಒಂದೊಂದಾಗಿ ತೆಗೆಯುತ್ತ ಹೇಳಿದಳು. "ಬಯ್ಬೇಡಿ ಅತ್ತೆ. ಬೆಳಗಿಂದ ಅವ್ಳು ನನ್ನ ಉಡುಕವ್ಳೆ. ಸಂಜೆ ನಾನು ಉಡುಕ್ತೀನಿ ಬಿಡಿ."

ಅಂದಿನಿಂದ ಹುಡುಕುವುದು ನಮ್ಮ ಮನೆಯ ಸಂಜೆಯ ಪೂಜೆಯಾಯಿತು. ಅಮ್ಮ ಚಪ್ಪಲಿ ಬಿಟ್ಟು, ಕಂಪನಿಯ ಬಿಳಿ ಟೋಪಿಯನ್ನು ಗೂಟಕ್ಕೆ ಸಿಕ್ಕಿಸಿ, ಕೊಟ್ಟಿಗೆಗೆ ಹೋಗಿ ಹಸುವನ್ನು ಕೇಳುತ್ತಿದ್ದಳು, ನಮ್ ಪುಟ್ಟೀನ ಕಂಡ್ಯಾ? ಬಚ್ಚಲಿನ ಹಂಡೆಯನ್ನು ಕೇಳುತ್ತಿದ್ದಳು. ಕೋಳಿಗಳನ್ನು ಕೇಳುತ್ತಿದ್ದಳು. ಮಂಚದ ಕೆಳಗಿಂದ ಲಂಗದ ಅಂಚು ಇಣುಕುತ್ತಿದ್ದರೂ ಕಾಣದವಳ ಹಾಗೆ ಹಿತ್ತಲಿಗೆ ಹೋಗಿ ಇನ್ನೊಂದು ಸುತ್ತು ಹಾಕಿ ಬರುತ್ತಿದ್ದಳು. ಹೊರಗೆ ಬೆಳಕು ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಅವಳು ನಡೆದ ಕಡೆಯೆಲ್ಲ ಬಾಮಿನ ವಾಸನೆ ಹಿಂದೆ ಹಿಂದೆ ಸುಳಿಯುತ್ತಿತ್ತು. ಮಂಚದ ಕೆಳಗೆ ಬಾಯಿಗೆ ಕೈ ಅಡ್ಡ ಹಿಡಿದ ಮಗುವಿನ ನಗು ತಡೆಯಲಾರದೆ ಪುಸಕ್ಕೆಂದು ಹೊರಬೀಳುತ್ತಿತ್ತು. ಆ ಹೊತ್ತಿನ ಮನೆಯಷ್ಟು ಸುಂದರವಾದದ್ದನ್ನು ನಾನು ಮತ್ತೆ ಕಂಡಿಲ್ಲ.

ನೆಲಮಂಗಲದಲ್ಲಿದ್ದ ಅಪ್ಪನ ಅಕ್ಕ, ನಮ್ಮ ರತ್ನತ್ತೆ, ಬಂದಿದ್ದ ದಿನ ಅದು ನಡೆಯಿತು. ಅಮ್ಮ ಎಂದಿನಂತೆ ಹುಡುಕಿದಳು. ಕೊಟ್ಟಿಗೆ, ಬಣವೆ, ಬಚ್ಚಲು, ಮಂಚದ ಕೆಳಗೆ, ಎಲ್ಲೂ ಇಲ್ಲ. ಎರಡನೇ ಸುತ್ತಿಗೆ ಅವಳ ದನಿಯಲ್ಲಿದ್ದ ಆಟ ಆರಿಹೋಯಿತು. ಹೊತ್ತು ಮುಳುಗಿತು. ಅಕ್ಕಪಕ್ಕದವರು ಬ್ಯಾಟರಿ ಹಿಡಿದು ಬಂದರು. ಯಾರೋ ಹಾಳುಬಾವಿಯ ಕಡೆ ಓಡಿದರು, ಅಪ್ಪ ರಸ್ತೆಯ ಕಡೆ ಓಡಿದ. ನಾನು ಜಗಲಿಯ ಕಂಬ ತಬ್ಬಿಕೊಂಡು ನಿಂತಿದ್ದೆ. ಬಾವಿಯ ಕಡೆಯಿಂದ ಬಂದ ಒಂದೊಂದು ಕೂಗಿಗೂ ಅಮ್ಮ ಅಂಗಳದ ತುದಿಗೆ ಓಡುತ್ತಿದ್ದಳು.

ಆಮೇಲೆ ಅವಳು ನಡುಮನೆಗೆ ಬಂದು ನೆಲದ ಮೇಲೆ ಕೂತುಬಿಟ್ಟಳು. "ಎಲ್ರೂ ಒಂದ್ ಗಳ್ಗೆ ಸುಮ್ಕಿರಿ" ಎಂದಳು. ಜನ ಮಾತು ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಎಲ್ಲೋ ತೀರ ಹತ್ತಿರದಲ್ಲಿ, ಕೊಡದೊಳಗೆ ಗಾಳಿ ಊದಿದಂಥ ಸಣ್ಣ ಸದ್ದು ಕೇಳಿಸಿತು. ಅಮ್ಮ ಎದ್ದು ವಾಡೆಯ ಬಾಯಿಗೆ ಮುಚ್ಚಿದ್ದ ಹಲಗೆ ಸರಿಸಿದಳು. ಹೊಲ ಹೋದ ಮೇಲೆ ವಾಡೆಗೆ ರಾಗಿ ಬಿದ್ದಿರಲಿಲ್ಲ. ಅದರ ತಳದಲ್ಲಿ, ಬೆವರಿನಲ್ಲಿ ತೊಯ್ದು, ಮಂಡಿಗೆ ಕೆನ್ನೆಯಾನಿಸಿ ಪುಟ್ಟಿ ನಿದ್ದೆ ಹೋಗಿದ್ದಳು. ಪಕ್ಕದ ಮೂಟೆಗಳ ಮೇಲೆ ಹತ್ತಿ ಒಳಗಿಳಿದು, ತಾನೇ ಹಲಗೆ ಎಳೆದುಕೊಂಡಿದ್ದಳು. ಅಪ್ಪ ರಸ್ತೆಯಿಂದ ಓಡಿ ಬಂದು ಹೊರಗೆ ತೆಗೆದಾಗ ಕಣ್ಣು ಬಿಟ್ಟು, "ಅಮ್ಮ, ಇವತ್ತು ಲೇಟ್ ಮಾಡ್ಬುಟ್ಟೆ" ಎಂದಳು.

ಎಲ್ಲರೂ ಹೋದ ಮೇಲೆ ರತ್ನತ್ತೆ ಸುಮ್ಮನಿರಲಿಲ್ಲ. "ತಾಯಾದೋಳು ಮನೇಲಿದ್ದಿದ್ರೆ ಇಂಗಾಯ್ತಿತ್ತಾ? ಒಂದು ಕಚ್ತದೆ, ಅವಿತ್ಕಂತದೆ. ಇನ್ನೊಂದು ಗಂಡುಡ್ಗ ಜಡೆ ಎಣೀತಾ ಕೂತದೆ. ಮಕ್ಳು ಕೆಟ್ಟೋದ್ಮೇಲೆ ಕಂಪ್ನಿ ತಕ್ಕಂಡ್ ಏನ್ ಮಾಡ್ತೀಯ ಜಯ?"

ಮರುದಿನ ಬೆಳಗ್ಗೆ ವ್ಯಾನು ಹಾರನ್ ಮಾಡಿತು, ಕಾದಿತು, ಮತ್ತೊಮ್ಮೆ ಹಾರನ್ ಮಾಡಿ ಹೊರಟುಹೋಯಿತು. ಅಮ್ಮ ಒಲೆಯ ಮುಂದಿನಿಂದ ಏಳಲಿಲ್ಲ.

ಆ ಮಳೆಗಾಲವೆಲ್ಲ ಅಮ್ಮ ಮನೆಯಲ್ಲಿದ್ದಳು. ಅಂಗನವಾಡಿಯಿಂದ ದೂರು ಬರುವುದು ನಿಂತಿತು. ನೋಡಿದ್ರಾ, ನಾನ್ ಏಳ್ನಿಲ್ವಾ ಎಂದು ರತ್ನತ್ತೆ ಬಂದಾಗಲೆಲ್ಲ ಬೀಗುತ್ತಿದ್ದಳು. ಆದರೆ ಅಮ್ಮ ನಮ್ಮ ನಡುವೆ ಇದ್ದೂ ಇಲ್ಲದವಳಂತಾದಳು. ಕಂಪನಿಯಿಂದ ಬರುತ್ತಿದ್ದಾಗ ಅವಳ ಬಳಿ ಕತೆಗಳಿರುತ್ತಿದ್ದವು: ಬೆಲ್ಟಿನ ಮೇಲೆ ಮೆರವಣಿಗೆ ಹೊರಟ ಸೀಸೆಗಳು, ಘಾಟಿಗೆ ಸೀನಿ ಸೀನಿ ಸಾಕಾದ ಸೂಪರ್‌ವೈಸರು, ಗದಗದ ಕಡೆಯಿಂದ ಬಂದ ಜೊತೆಗಾತಿ ಊಟಕ್ಕೆ ತರುತ್ತಿದ್ದ ಖಡಕ್ ರೊಟ್ಟಿ. ಈಗ ಹೇಳಲು ಏನೂ ಇರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಸಣ್ಣ ಮಾತಿಗೆ ರೇಗಿ, ಆಮೇಲೆ ತಾನೇ ಮಂಕಾಗಿ ಕೂರುತ್ತಿದ್ದಳು. ದಿನಗಳು ಒದ್ದೆ ಬಟ್ಟೆಯಂತೆ ಒಣಗಲಾರದೆ ತೂಗುತ್ತಿದ್ದವು.

ಪುಟ್ಟಿ ಅವಿತುಕೊಳ್ಳುವುದನ್ನು ಬಿಟ್ಟಿದ್ದಳು. ಅದರ ಬದಲು ಸಂಜೆಯಾಗುತ್ತಲೇ ರಸ್ತೆಯ ತಿರುವಿನ ಹೊಂಗೆ ಮರದ ಕೆಳಗೆ ಹೋಗಿ ನಿಲ್ಲುತ್ತಿದ್ದಳು. ವ್ಯಾನು ಬರುತ್ತಿತ್ತು, ಬೇರೆ ಮನೆಯ ಹೆಂಗಸರು ಇಳಿಯುತ್ತಿದ್ದರು, ವ್ಯಾನು ಹೋಗುತ್ತಿತ್ತು. ಕೆಸರು ಹಾರಿಸಿಕೊಂಡು ಅದು ಕಣ್ಮರೆಯಾದ ಮೇಲೂ ನಿಂತೇ ಇರುತ್ತಿದ್ದಳು. ಅಜ್ಜಿಯೋ ನಾನೋ ಹೋಗಿ ಕರೆತರುತ್ತಿದ್ದೆವು. ಒಂದು ದಿನ ಅಮ್ಮ ತಾನೇ ಹೋದಳು. ನಾನು ಹಿಂದೆಯೇ ಇದ್ದೆ.

"ಯಾರ್ಗ್ ಕಾಯ್ತಿದ್ದೀಯೇ?"

"ಅಮ್ಮಂಗೆ."

"ನಾನೇ ಇದ್ದೀನಲ್ಲೇ ಇಲ್ಲಿ!"

ಪುಟ್ಟಿ ಅಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ. "ನೀನಲ್ಲ. ವ್ಯಾನಲ್ಲಿ ಬರೋ ಅಮ್ಮ. ಅವ್ಳು ನಗ್ತಾಳೆ, ನನ್ನ ಉಡುಕ್ತಾಳೆ" ಎಂದು ಮತ್ತೆ ರಸ್ತೆಯ ಕಡೆ ತಿರುಗಿದಳು.

ಅಮ್ಮ ಆ ಕೆಸರಿನಲ್ಲೇ ಕುಕ್ಕರಗಾಲಲ್ಲಿ ಕೂತಳು. ನಕ್ಕಳೋ ಅತ್ತಳೋ ನನಗೆ ಗೊತ್ತಾಗಲಿಲ್ಲ. ಎಷ್ಟೋ ಹೊತ್ತು ಮಗುವಿನ ಹೆಗಲಿಗೆ ಮುಖವಿಟ್ಟುಕೊಂಡಿದ್ದಳು.

ಅಂದು ರಾತ್ರಿ ಮೂವರೂ ಕಡಲೆಕಾಯಿ ಬಿಡಿಸುತ್ತ ಕೂತಿದ್ದಾಗ ನಾನು ಅದನ್ನೆಲ್ಲ ಅಜ್ಜಿಗೆ ಹೇಳಿಬಿಟ್ಟೆ. ಅಜ್ಜಿ ಮಡಿಲ ಸಿಪ್ಪೆ ಕೊಡವಿ, ಅಮ್ಮನ ಕಡೆ ನೋಡದೆಯೇ ಹೇಳಿದಳು. "ನಿನ್ ಗಂಡನ್ನ ಒಲದ್ ಬದಿನಾಗೆ ಒಂಗೆ ಮರುಕ್ಕೆ ಸೀರೆ ಕಟ್ಟಿ ಮಲಗ್ಸಿ ಕಳೆ ಕಿತ್ತೋಳು ನಾನು. ಇರುವೆ ಕಡ್ದು ಅರಚ್ಕಂಡ್ರೂ ಸಾಲು ಮುಗಿಸ್ದೆ ಏಳ್ತಿರ್ನಿಲ್ಲ. ಮಗ ಕೆಟ್ಟೋಯ್ತದೆ ಅಂತ ಒಬ್ರಾನಾ ಅಂದ್ರಾ? ಒಲುಕ್ಕೋದ್ರೆ ಕೆಡ್ದಿದ್ ಮಕ್ಳು ಕಂಪ್ನಿಗೋದ್ರೆ ಕೆಡ್ತವಾ? ಓಗವ್ವ ನೀನು. ರತ್ನಂಗೆ ನಾನೇಳ್ಕತೀನಿ."

ಅಪ್ಪ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಅವನು ಮಾತಿನ ಮನುಷ್ಯನಲ್ಲ. ಮರುದಿನ ಸಂಜೆ ವರ್ಕ್‌ಶಾಪಿನಿಂದ ಬರುವಾಗ ಸೈಕಲ್ಲಿನ ಹಿಂದೆ ದಪ್ಪ ತಗಡಿನ ಮುಚ್ಚಳವೊಂದನ್ನು ಕಟ್ಟಿಕೊಂಡು ಬಂದ. ಅದನ್ನು ವಾಡೆಯ ಬಾಯಿಗೆ ಕೂರಿಸಿ ಬೋಲ್ಟು ಬಿಗಿದು, ಕೈ ಒರೆಸಿಕೊಂಡು, "ಇನ್ನು ಧೈರ್ಯ್ವಾಗಿ ಓಗು" ಎಂದ.

ಅಮ್ಮ ಮತ್ತೆ ವ್ಯಾನು ಹತ್ತಿದಳು. ಈ ಸಲ ಅವಿತುಕೊಳ್ಳುವ ಆಟಕ್ಕೆ ಅಜ್ಜಿಯೇ ಸೇರಿಕೊಂಡಳು. ಎಲ್ಲಿ ಅಡಗಬೇಕೆಂದು ಮಧ್ಯಾಹ್ನವೇ ಇಬ್ಬರ ಪಿಸುಪಿಸು ಮಾತು ಶುರುವಾಗುತ್ತಿತ್ತು. ಎಷ್ಟೋ ಸಲ ಅಮ್ಮ ಬಂದಾಗ ಕೊಟ್ಟಿಗೆಯ ಮೂಲೆಯಲ್ಲಿ ಅಜ್ಜಿಯೂ ಮೊಮ್ಮಗಳೂ ಒಂದೇ ಕಂಬಳಿಯೊಳಗೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಪುಟ್ಟಿ ಕಚ್ಚುವುದನ್ನು ಯಾವಾಗ ಬಿಟ್ಟಳೋ ಯಾರ ಗಮನಕ್ಕೂ ಬರಲಿಲ್ಲ. ಶಾಲೆಗೆ ಸೇರಿದಳು, ಬಾಯಿ ಬಂತು, ಎಷ್ಟು ಬಂತೆಂದರೆ ಅಜ್ಜಿಗೇ ಎದುರು ಮಾತಾಡುವಷ್ಟು.

ಹೀಗೆ ವರ್ಷಗಳು ಸರಿದವು. ಒಂದು ಸಂಜೆ ಅಮ್ಮ ಬಂದು, ಟೋಪಿ ತೂಗುಹಾಕಿ, ಕೊಟ್ಟಿಗೆಯ ಕಡೆ ನಡೆದಳು. ಹಸುವನ್ನು ಕೇಳಿದಳು. ಹಿತ್ತಲು ನೋಡಿ ಬಂದಳು. ಪುಟ್ಟಿ ಜಗಲಿಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತು ಮಗ್ಗಿ ಬರೆಯುತ್ತಿದ್ದಳು. ತಲೆ ಎತ್ತಿ, "ಇಲ್ಲೇ ಇದ್ದೀನಲ್ಲಮ್ಮ, ಓಂವರ್ಕ್ ಐತೆ" ಎಂದಳು. ಅಮ್ಮ, "ಅಂಗಾ" ಎಂದು ನಿಂತಳು. ಹುಡುಕಲು ಏನೂ ಉಳಿಯದವಳ ಹಾಗೆ ಒಂದು ಕ್ಷಣ ಸುತ್ತ ನೋಡಿ, ಕಾಲು ತೊಳೆಯಲು ಬಚ್ಚಲಿಗೆ ಹೋದಳು. ಆ ದಿನ ನೀರಿನ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ಅಜ್ಜಿ ಹೋದಳು. ಹಸುವನ್ನು ಮಾರಿದೆವು. ರಸ್ತೆ ಅಗಲವಾಗಿ, ಗೋಡೌನುಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದು, ಕೊನೆಗೆ ನಮ್ಮ ಮನೆಯ ಜಾಗವನ್ನೂ ನುಂಗಿದವು. ಈಗ ಅಲ್ಲಿ ಲಾರಿಗಳು ಹಿಂದಕ್ಕೆ ಬಂದು ನಿಲ್ಲುವ ಕಾಂಕ್ರೀಟಿನ ಅಂಗಳವಿದೆ. ಬಾಡಿಗೆ ಮನೆಯಲ್ಲಿ ಎರಡು ವರ್ಷ ಕಳೆದು, ಒಂದು ಬೆಳಗ್ಗೆ ಯಾರಿಗೂ ತೊಂದರೆ ಕೊಡದೆ ಅಮ್ಮನೂ ಹೋದಳು.

ಪುಟ್ಟಿ ಈಗ ಪೀಣ್ಯದ ಒಂದು ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅಮ್ಮನ ವರ್ಷದ ಕಾರ್ಯ ಮುಗಿದ ಮಧ್ಯಾಹ್ನ ನಾವಿಬ್ಬರೇ ಕೂತಿದ್ದಾಗ ವ್ಯಾನಿನ ದಿನಗಳ ಮಾತೆತ್ತಿದೆ. ವಾಡೆಯ ಸಂಜೆ ನೆನಪಿದೆಯಾ ಎಂದು ಕೇಳಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಅವಳಿಗೆ ಕಚ್ಚಿದ್ದು ನೆನಪಿಲ್ಲ, ಮರದ ಕೆಳಗೆ ಕಾದಿದ್ದು ನೆನಪಿಲ್ಲ. ಅಮ್ಮನ ಸೀರೆ ಹೊದ್ದು ಮಲಗುತ್ತಿದ್ದ ಆ ಉದ್ದುದ್ದ ಮಧ್ಯಾಹ್ನಗಳಲ್ಲಿ ಒಂದೂ ಉಳಿದಿಲ್ಲ.

"ನೀನು ಏನೇನೋ ಹೇಳ್ತೀಯಪ್ಪ ಅಣ್ಣ" ಎಂದು ನಕ್ಕಳು. "ನಂಗೆ ನೆನಪಿರೋದು ಇಷ್ಟೇ. ನಾನು ಚಿಕ್ಕೋಳಿದ್ದಾಗ ಅಮ್ಮ ಯಾವಾಗ್ಲೂ ಮನೇಲೇ ಇರ್ತಿದ್ಲು."

ನಾನು ತಿದ್ದಲು ಹೋಗಲಿಲ್ಲ. ಹೂಂ ಕಣೇ, ಇರ್ತಿದ್ಲು ಎಂದೆ.