ಹತ್ತನೆಯ ಲಾರಿ

ಮೀಸೆ ಮಾವ ಎಂದೇ ಎಲ್ಲರೂ ಕರೆಯುತ್ತಿದ್ದ ಆ ಲಾರಿ ಚಾಲಕನ ಲೈಸೆನ್ಸು ಗುರುವಾರಕ್ಕೆ ಮುಗಿಯುವುದಿತ್ತು. ಕಣ್ಣಿನ ಡಾಕ್ಟರು ಈ ಸಲ ಸಹಿ ಹಾಕಿಕೊಟ್ಟಿರಲಿಲ್ಲ. "ಇಷ್ಟು ವರ್ಷ ಓಡಿಸಿದ್ದು ಸಾಕು, ಇನ್ನು ಕೂತುಕೊಳ್ಳಿ," ಎಂದು ಬೆನ್ನು ತಟ್ಟಿ ಕಳಿಸಿದ್ದರು. ಮೂವತ್ತೊಂಬತ್ತು ವರ್ಷ ಗಡಿಯಾಚೆ ಈಚೆ ಓಡಾಡಿದ ಮನುಷ್ಯ. ಹೋಗುವಾಗ ಯಾರಾದರೂ ಕೈ ಬದಲಾಯಿಸಿದ್ದುಂಟು, ಆದರೆ ಮನೆಗೆ ಮರಳುವ ದಾರಿಯಲ್ಲಿ ತನ್ನ ಲಾರಿಯ ಸೀಟಿನಲ್ಲಿ ಇನ್ನೊಬ್ಬನನ್ನು ಕೂರಿಸಿದವನಲ್ಲ. ಕೊನೆಯ ಸಲವೂ ತನ್ನ ಕೈಯಾರೆ ಗಾಡಿಯನ್ನು ಅಂಗಳದೊಳಗೆ ತಂದು ನಿಲ್ಲಿಸಿ, ಬೀಗದ ಕೈಯನ್ನು ಹೆಂಡತಿಯ ಕೈಗೆ ಕೊಡಬೇಕು. ಅವನಿಗಿದ್ದ ಆಸೆ ಅಷ್ಟೇ.

ಆದರೆ ಅವನು ಪರದೇಶದ ಗಡಿ ಠಾಣೆಯ ಅಂಗಳದಲ್ಲಿ ಸಿಕ್ಕಿಬಿದ್ದು ಆಗಲೇ ಒಂಬತ್ತು ದಿನವಾಗಿತ್ತು.

ಆ ಠಾಣೆಯವರದ್ದು ಒಂದು ಪದ್ಧತಿ. ಲಾರಿಗಳನ್ನು ಒಂದೊಂದಾಗಿ ಬಿಡುವುದಿಲ್ಲ. ಒಂದು ದೇಶದ ಹತ್ತು ಲಾರಿಗಳು ಒಟ್ಟಾಗಬೇಕು, ಹತ್ತರ ಕಾಗದವನ್ನೂ ಒಂದೇ ಕಟ್ಟು ಮಾಡಬೇಕು, ಹತ್ತಕ್ಕೂ ಒಬ್ಬ ಮುಂದಾಳು ಸಹಿ ಹಾಕಬೇಕು. ಆಗ ಸೇತುವೆಯ ಗೇಟು ತೆರೆಯುತ್ತದೆ. ಅಂಗಳದಲ್ಲಿ ಮೀಸೆ ಮಾವನ ದೇಶದವು ಸರಿಯಾಗಿ ಹತ್ತು ಲಾರಿಗಳಿದ್ದವು. ಹತ್ತು ಕಾಗದ ಒಂದು ದಾರದಲ್ಲಿ ಸೇರುವುದೇ ಕಷ್ಟವಾಗಿತ್ತು.

ಬೆಟ್ಟದ ಕಡೆಯವರು ಮೂರು ಜನ, ಅವರ ಒಲೆ ಬೇರೆ. ಕಡಲ ಕಡೆಯವರು ನಾಲ್ವರು, ಅವರ ಮಾತು ಬೇರೆ. ಮೀಸೆ ಮಾವ ಮತ್ತು ಇನ್ನೊಬ್ಬ ಬಯಲು ಸೀಮೆಯವರು. ಉಳಿದವನು ಉತ್ತರದವನೊಬ್ಬ, ನಲವತ್ತರ ಆಸುಪಾಸಿನ ಗಟ್ಟಿ ಆಳು. ಎಲ್ಲರೂ ಲಾರಿಯವರ ಕಲಬೆರಕೆ ಮಾತಿನಲ್ಲಿ ಹೇಗೋ ಸುಧಾರಿಸಿಕೊಳ್ಳುತ್ತಿದ್ದರು. ಮುಂದಾಳು ಯಾರೆಂಬ ಮಾತು ಬಂದರೆ ಮಾತ್ರ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಅಂತೂ ವಯಸ್ಸಿಗೆ ಬೆಲೆ ಕೊಟ್ಟು ಮೀಸೆ ಮಾವನನ್ನೇ ಒಪ್ಪಿದ್ದರು.

ಒಪ್ಪಿದ ಮರುದಿನವೇ ಅಂಗಳದ ಒಂದೇ ಒಂದು ನಲ್ಲಿಯ ಹತ್ತಿರ ಜಗಳವಾಯಿತು. ಉತ್ತರದವನು ಸಾಲು ತಪ್ಪಿಸಿ ಕ್ಯಾನು ಒಡ್ಡಿದ. ಬಿಸಿಲು ನೆತ್ತಿ ಸುಡುತ್ತಿತ್ತು. ಮೀಸೆ ಮಾವನ ಬಾಯಿಂದ ಮಾತು ಜಾರಿತು.

"ನಿಮ್ ಕಡೆಯೋರು ಸೇರ್ಕೊಂಡಿದ್ದಕ್ಕೇ ಕಣಯ್ಯಾ ದೇಶ ಕೆಟ್ಟು ಕೆರ ಹಿಡಿದಿರೋದು!"

ಉತ್ತರದವನು ಕ್ಯಾನನ್ನು ಕೆಳಗಿಟ್ಟ. ನೇರ ಬಂದು ಕಟ್ಟಿನಿಂದ ತನ್ನ ಕಾಗದ ಎಳೆದುಕೊಂಡ. ಲಾರಿ ಹತ್ತಿ, ರೊಯ್ಯನೆ ಎಬ್ಬಿಸಿ, ಅಂಗಳದ ಎತ್ತರದ ಕಟ್ಟೆ ಹಾಯಿಸಿ ದೂರದ ಮೂಲೆಗೆ ಹೋಗಿ ನಿಂತ. ಅಂದಿನಿಂದ ಇವರು ಒಂಬತ್ತು.

ಠಾಣೆಯ ಗುಮಾಸ್ತ ದಿನಾ ಬೆಳಿಗ್ಗೆ ಕಿಟಕಿ ತೆರೆದು ಅದನ್ನೇ ಕೇಳುತ್ತಿದ್ದ. "ಹತ್ತಾಯ್ತಾ?"

"ಒಂಬತ್ತು, ಸಾರ್."

"ನಾಳೆ ಬನ್ನಿ."

ಬೇರೆ ದೇಶದ ಲಾರಿಗಳು ಬರುತ್ತಿದ್ದವು, ಹತ್ತು ಹತ್ತಾಗಿ ಹೋಗುತ್ತಿದ್ದವು. ಇವರ ದೇಶದ್ದು ಮತ್ತೊಂದು ಬರಲಿಲ್ಲ. ಒಂದು ದಿನ ಗುಮಾಸ್ತ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಜಮಾನ್ರೇ, ಒಂದು ಕೇಳ್ತೀನಿ ಬೇಜಾರು ಮಾಡ್ಕೋಬೇಡಿ. ನಿಮ್ಮ ದೇಶದೊಳಗೆ ಒಟ್ಟು ಎಷ್ಟು ದೇಶ ಇವೆ?" ಅಂದ. ಹಿಂದೆ ನಿಂತಿದ್ದವರು ನಕ್ಕರು. ಊರಿನ ಕಟ್ಟೆಯ ಮೇಲೆ ಯಾರಾದರೂ ದೇಶದ ಬಗ್ಗೆ ಹೀಗಂದಿದ್ದರೆ ಮೀಸೆ ಮಾವ ಮೀಸೆ ತಿರುವಿ ಎದ್ದು ನಿಲ್ಲುತ್ತಿದ್ದ. ಇಲ್ಲಿ ಕಾಲು ನೋಯುತ್ತಿತ್ತು. ಸುಮ್ಮನೆ ಬಂದು ಲಾರಿಯ ನೆರಳಿನಲ್ಲಿ ಕೂತ.

ಕೂತು ಅವನಿಗೆ ಅನ್ನಿಸಿದ್ದು ಇಷ್ಟು. ಮನೆಯಲ್ಲಿದ್ದಾಗ ದೇಶ ಅನ್ನುವುದು ಆಕಾಶದಷ್ಟು ದೊಡ್ಡದು, ಎಷ್ಟು ಬೇಕಾದರೂ ಹೊಗಳಬಹುದು, ಅದಕ್ಕಾಗಿ ಕೈ ಕೊಳೆ ಮಾಡಿಕೊಳ್ಳಬೇಕಾಗಿಲ್ಲ. ಇಲ್ಲಿ ಅದು ಹತ್ತು ಹಾಳೆ ಮತ್ತು ಒಂದು ದಾರ. ಅಷ್ಟನ್ನು ಕಟ್ಟಲಾರದವನು ನಾನು.

ಸಂಜೆ ಹೆಂಡತಿ ಫೋನು ಮಾಡಿದಳು. "ರೀ, ಇನ್ನೂ ಅಲ್ಲೇನಾ? ಗುರುವಾರಕ್ಕೆ ಮುಗಿಯುತ್ತಲ್ಲ ಲೈಸೆನ್ಸು."

"ಒಬ್ಬ ಉತ್ತರದವನು ಹಟ ಹಿಡಿದು ಕೂತಿದಾನೆ ಕಣೇ."

"ನೀವೇನಂದ್ರಿ ಅವನಿಗೆ?"

"ಇಲ್ಲಿ ವಿಪರೀತ ಬಿಸಿಲು ಕಣೇ," ಅಂದ ಮೀಸೆ ಮಾವ. ಹೆಂಡತಿಗೆ ಅಷ್ಟೇ ಸಾಕಾಯಿತು. "ಮೂವತ್ತೈದು ವರ್ಷ ಬಾಳಿದೀನಿ. ಏನೋ ಅಂದೇ ಅಂದಿರ್ತೀರಿ. ಹೋಗಿ ಸರಿ ಮಾಡ್ಕೊಳಿ."

ಬುಧವಾರ ಬೆಳಿಗ್ಗೆ ಅವನು ಕಾಲೆಳೆಯುತ್ತ ಆ ಮೂಲೆಗೆ ಹೋದ. ಉತ್ತರದವನು ಲಾರಿಯ ಅಡಿಯಲ್ಲಿ ಮಲಗಿದ್ದ, ಕಾಲು ಮಾತ್ರ ಹೊರಗಿತ್ತು. ಹತ್ತಿರ ಹೋಗುತ್ತಿದ್ದಂತೆ ಸುಟ್ಟ ವಾಸನೆ ಬಂತು. ಮೂವತ್ತೊಂಬತ್ತು ವರ್ಷದ ಮೂಗಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಕ್ಲಚ್ಚು ಹೋಗಿದೆಯೇನಪ್ಪಾ?"

"ಅವತ್ತೇ ಹೋಯ್ತು," ಲಾರಿಯ ಅಡಿಯಿಂದಲೇ ದನಿ ಬಂತು. "ಕಟ್ಟೆ ಹತ್ತಿಸೋವಾಗ. ಸಿಟ್ಟಲ್ಲಿ ಕಾಲು ಎತ್ತಲೇ ಇಲ್ಲ."

ತುಂಬಿದ ಗಾಡಿಯಲ್ಲಿ ಅರ್ಧ ಕ್ಲಚ್ಚು ಒತ್ತಿಕೊಂಡೇ ಕಟ್ಟೆ ಹತ್ತಿಸುವುದು! ಹೊಸದಾಗಿ ಕಲಿಯುವವನೂ ಮಾಡದ ತಪ್ಪು. ಸಿಟ್ಟು ಬಂದ ಚಾಲಕನು ಮಾತ್ರ ಮಾಡುತ್ತಾನೆ.

"ಇಷ್ಟು ದಿನ ಹೇಳೋದಲ್ವೇನಯ್ಯ?"

"ಹೇಳಿದ್ರೆ ಏನಂತಿದ್ರಿ? ನೋಡಿ, ಉತ್ತರದೋನು ಗಾಡೀನೂ ಕೆಡಿಸಿದ, ಅಂತಿದ್ರಿ."

ಅನ್ನುತ್ತಿದ್ದೆ, ಎಂದು ಮೀಸೆ ಮಾವನಿಗೆ ಗೊತ್ತಿತ್ತು. ನೆಲದ ಮೇಲೆ ಕೂತ. "ಆ ಮಾತು ತಪ್ಪಾಯ್ತು. ಬಿಸಿಲಿಗೆ ಅಂದೆ ಅನ್ನೋಕೂ ಆಗಲ್ಲ. ಒಳಗಿತ್ತು, ಬಂತು. ನನ್ ಗಾಡಿ ಖಾಲಿ ಇದೆ, ನಿನ್ನದನ್ನ ಎಳೀತೀನಿ. ಕಾಗದ ಕೊಡು."

ಉತ್ತರದವನು ಹೊರಗೆ ತೆವಳಿ ಬಂದು ಮುಖ ಒರೆಸಿಕೊಂಡ. "ದೇಶ ಕೆಡಿಸಿದವನ ಗಾಡಿ ಯಾಕೆ ಎಳೀತೀರಿ?"

"ದೇಶದ ಮಾತು ಬಿಡಪ್ಪ. ಸುಸ್ತಾಗಿದೆ. ನಂಗೆ ಮನೆಗೆ ಹೋಗ್ಬೇಕು."

ಉತ್ತರದವನು ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿದ. "ಇದೊಂದು ಮಾತು ನಿಜ ಹೇಳಿದ್ರಿ ನೋಡಿ," ಅಂದು ಅಂಗಿಯ ಒಳಗಿಂದ ಕಾಗದ ತೆಗೆದುಕೊಟ್ಟ.

ಹತ್ತು ಹಾಳೆ ಒಂದು ದಾರಕ್ಕೆ ಬಂದವು. ಗುಮಾಸ್ತ ಕಟ್ಟನ್ನು ತೆಗೆದುಕೊಂಡು, "ಎಳೆಸ್ಕೊಂಡು ಹೋಗೋ ಗಾಡಿ ಇದೆಯಲ್ಲ, ಅದಕ್ಕೆ ಬೇರೆ ತಪಾಸಣೆ. ಶುಕ್ರವಾರ ಬನ್ನಿ," ಅಂದ.

ಶುಕ್ರವಾರ! ಮೀಸೆ ಮಾವ ಕಿಟಕಿಯ ಸರಳು ಹಿಡಿದು ನಿಂತ. ಬೇಡಿದ, ಲೈಸೆನ್ಸು ತೋರಿಸಿದ. ಆಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಲ್ಲಿಯ ಹತ್ತಿರ ಆ ಒಂದು ಮಾತನ್ನು ನುಂಗಿಕೊಂಡಿದ್ದರೆ ಇಷ್ಟು ಹೊತ್ತಿಗೆ ಮನೆಯ ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದ. ಗುರುವಾರ ಇಡೀ ದಿನ ಸೀಟಿನಿಂದ ಇಳಿಯದೆ, ಎಲ್ಲಿಗೂ ಹೋಗದ ಲಾರಿಯಲ್ಲಿ ಕೂತಿದ್ದ. ಬೆಟ್ಟದವರು ಚಹಾ ತಂದುಕೊಟ್ಟರು.

ಶುಕ್ರವಾರ ಗೇಟಿನಲ್ಲಿ ಗುಮಾಸ್ತ ಲೈಸೆನ್ಸು ನೋಡಿ ತಲೆಯಾಡಿಸಿದ. "ಇಳೀಬೇಕು, ಯಜಮಾನ್ರೇ."

"ನಾನಿದೀನಿ," ಎಂದು ಉತ್ತರದವನು ತನ್ನ ಲೈಸೆನ್ಸು ಚಾಚಿದ. "ಇವರ ಗಾಡಿ ನಾನು ಓಡಿಸ್ತೀನಿ."

"ಹಾಗಾದ್ರೆ ಹಿಂದಿನ ಗಾಡಿಯ ಸ್ಟಿಯರಿಂಗು ಹಿಡಿಯೋರು?"

ಉಳಿದ ಎಂಟೂ ಜನಕ್ಕೆ ಅವರವರ ಗಾಡಿಯಿತ್ತು. ಗುಮಾಸ್ತ ನಿಯಮದ ಪುಸ್ತಕ ತೆಗೆದು, ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ತಿರುವಿದ. ಆಮೇಲೆ ಪುಸ್ತಕ ಮುಚ್ಚಿದ. "ಎಳೆಸ್ಕೊಂಡು ಹೋಗೋದು ಗಾಡಿಯಲ್ಲ, ಲೋಡು. ಲೋಡಿನಲ್ಲಿ ಯಾರು ಕೂತ್ರೆ ನನಗೇನು?"

ಹೀಗೆ ಮೀಸೆ ಮಾವ ಉತ್ತರದವನ ಕೆಟ್ಟ ಲಾರಿಗೆ ಹತ್ತಿದ. ಹತ್ತುವ ಮೊದಲು, "ಎರಡನೇ ಗೇರು ಗಟ್ಟಿ, ಬಲವಂತ ಮಾಡ್ಬೇಡ, ಸ್ವಲ್ಪ ತಡೆದು ಹಾಕು," ಅಂದ. ಉತ್ತರದವನು ಗರ್ರೆನ್ನಿಸಿಯೇ ಹಾಕಿದ. ಮೀಸೆ ಮಾವನ ಹಲ್ಲು ಜುಮ್ಮೆಂದಿತು. ನಡುವೆ ಕಬ್ಬಿಣದ ಸರಳು, ಮುಂದೆ ತನ್ನ ಲಾರಿ. ಅದು ತಿರುಗಿದ ಕಡೆ ತಿರುಗಿಸುತ್ತ, ಅದು ನಿಂತ ಕಡೆ ನಿಲ್ಲಿಸುತ್ತ ಸೇತುವೆ ದಾಟಿದ.

ಈಚೆ ದಡ ಸೇರಿದ ಕೂಡಲೇ ಗುಂಪು ಮುರಿಯಿತು. ಬೆಟ್ಟದವರು ಬೆಟ್ಟದ ಕಡೆಗೆ, ಕಡಲಿನವರು ಕಡಲಿನ ಕಡೆಗೆ ಹೊರಟರು. ಒಬ್ಬಿಬ್ಬರು ಕೈ ಬೀಸಿದರು. ಉತ್ತರದವನು ಇಳಿದು ಬಂದು ಕಿಟಕಿಯ ಕೆಳಗೆ ನಿಂತ.

"ನಿಮ್ಮ ಮನೆ ಎಷ್ಟು ದೂರ, ಮಾವ?"

"ನಾಲ್ಕು ಗಂಟೆ ದಾರಿ. ಆದ್ರೆ ನಿನ್ನ ದಾರಿ ಅದಲ್ಲ. ಅಗೋ, ರಿಪೇರಿ ಅಂಗಡಿ ಅಲ್ಲೇ ಇದೆ."

"ಕ್ಲಚ್ಚು ನಿಮ್ಮೂರಲ್ಲೇ ಹಾಕಿಸ್ಕೋತೀನಿ. ನಡೀರಿ, ನಿಮ್ಮ ಗಾಡಿ ಮನೆ ಸೇರಿಸೋಣ."

"ಗೇಟು ಇಕ್ಕಟ್ಟು ಕಣಯ್ಯಾ. ಎರಡು ಗಾಡಿ ಒಟ್ಟಿಗೆ ಹಿಡಿಸಲ್ಲ."

"ಹಿಡಿಸದೆ ಇದ್ರೆ ಒಂದು ಬೀದೀಲಿ ನಿಲ್ಲುತ್ತೆ."

ಮೀಸೆ ಮಾವ ಮನೆಗೆ ಫೋನು ಹಚ್ಚಿದ. "ಬರ್ತಾ ಇದೀನಿ ಕಣೇ. ಗಾಡಿ ನಾನು ಓಡಿಸ್ತಿಲ್ಲ."

"ಮತ್ಯಾರು?"

"ಅವನೇ. ಆ ಉತ್ತರದವನು."

ಆ ತುದಿಯಲ್ಲಿ ಪಾತ್ರೆ ಸರಿಸಿದ ಸದ್ದಾಯಿತು.

"ಹಾಗಾದ್ರೆ ಇಬ್ಬರಿಗೆ ಅನ್ನಕ್ಕಿಡ್ತೀನಿ," ಅಂದಳು.