ಇಸ್ತ್ರಿ ಅಂಗಿಯ ಡ್ರಮ್ಮರ್

ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಗಿದ ಬೆಲ್ಟು, ಕಿಸೆಯಲ್ಲೊಂದು ಪೆನ್ನು. ರಾಕ್ ಬ್ಯಾಂಡಿನ ಡ್ರಮ್ಮರ್ ಹೀಗಿದ್ದರು ಎಂದರೆ ಯಾರೂ ನಂಬುವುದಿಲ್ಲ. ನಾನೂ ಡೇವಿಡ್ಡನೂ ಮೊಣಕಾಲಲ್ಲಿ ಹರಿದ ಜೀನ್ಸು ತೊಟ್ಟು, ವಾರಗಟ್ಟಲೆ ತಲೆ ಬಾಚದೆ ರಾಕ್ ಸಂಗೀತದ ಮರ್ಯಾದೆ ಕಾಪಾಡುತ್ತಿದ್ದೆವು. ನಮ್ಮ ನಡುವೆ ಮಿಲಿಂದ ಸರ್ ಪರೀಕ್ಷೆಯ ಮೇಲ್ವಿಚಾರಣೆಗೆ ಬಂದವರ ಹಾಗೆ ಕಾಣುತ್ತಿದ್ದರು. ಡ್ರಮ್ಮಿನ ಮುಂದೆ ಕೂರುವ ಮುಂಚೆ ವಾಚು ಬಿಚ್ಚಿ ಕಿಸೆಗೆ ಹಾಕಿ, ಬೂಟು ಕಳಚಿ ಜೋಡಿಸಿಟ್ಟು, ಅಂಗಿಯ ತೋಳನ್ನು ಮೂರೇ ಮೂರು ಮಡಿಕೆ ಮಡಿಚುತ್ತಿದ್ದರು. ಎಂಥ ಬೇಸಿಗೆಯಲ್ಲೂ ನಾಲ್ಕನೆಯ ಮಡಿಕೆ ಮಡಿಚಿದ್ದನ್ನು ನಾನು ನೋಡಿಲ್ಲ.

ಅವರು ಸರಕಾರಿ ಹೈಸ್ಕೂಲಿನ ಗಣಿತದ ಮಾಸ್ತರು, ನನಗಿಂತ ಹದಿನೈದು ವರ್ಷ ದೊಡ್ಡವರು. ನಾನಾಗ ಹುಬ್ಬಳ್ಳಿಯ ವಿದ್ಯಾನಗರದ ಕಾಲೇಜಿನಲ್ಲಿ ಓದು ಬಿಟ್ಟು ಉಳಿದದ್ದೆಲ್ಲವನ್ನೂ ಮಾಡುತ್ತಿದ್ದೆ. ಗಿಟಾರು ನನ್ನದು, ಹಾಡುವುದೂ ಬೇಸ್ ಗಿಟಾರೂ ಗೆಳೆಯ ಡೇವಿಡ್ಡನದು. ಡ್ರಮ್ಮಿಗೆ ಜನ ಸಿಗದೆ ಪರದಾಡುತ್ತಿದ್ದಾಗ ವಾದ್ಯದ ಅಂಗಡಿಯವರು, "ಒಬ್ರು ಮಾಸ್ತರ ಅದಾರ. ಡ್ರಮ್ ಕೊಂಡಾರ, ಮನ್ಯಾಗ ಇಡಾಕ ಅವರಪ್ಪ ಬಿಡವಲ್ರು. ಜಾಗಾ ಹುಡುಕಾಕತ್ತಾರ" ಎಂದರು. ಜಾಗ ನಮ್ಮಲ್ಲಿತ್ತು. ಕೇಶ್ವಾಪುರದಲ್ಲಿ ನಮ್ಮ ಕಾಕಾನ ಗಾದಿ ಅಂಗಡಿಯ ಹಿಂದೆ ಒಂದು ಗೋದಾಮು. ಗೋಡೆಗೆ ಒರಗಿಸಿದ ಗಾದಿಗಳು ನಮ್ಮ ಗದ್ದಲವನ್ನೆಲ್ಲ ನುಂಗಿಕೊಂಡು ಅಕ್ಕಪಕ್ಕದವರ ಬೈಗುಳ ತಪ್ಪಿಸುತ್ತಿದ್ದವು. ರವಿವಾರ ಮುಂಜಾನೆ ಮೂರು ತಾಸು ತಾಲೀಮು ಮುಗಿಸಿ ಹೊರಬಂದರೆ ತಲೆತುಂಬ ಅರಳೆ ಮೆತ್ತಿರುತ್ತಿತ್ತು.

"ಮೊದಲ ಎಣಸ್ರಿ, ಆಮ್ಯಾಲ ಹಾರ್ಯಾಡ್ರಿ" ಎನ್ನುವುದು ಅವರ ಮೊದಲ ಪಾಠ. ನನಗೋ ಹಾರಾಡುವ ಅವಸರ. ಪ್ರತಿ ಹಾಡಿನಲ್ಲೂ ನಾನು ಅರ್ಧ ಮಾತ್ರೆ ಮುಂಚೆ ಹೋಗಿ ನಿಲ್ಲುತ್ತಿದ್ದೆ. ಸರ್ ಬಾರಿಸುವುದನ್ನು ನಿಲ್ಲಿಸಿ, "ಪಶ್ಯಾ, ಬಸ್ಸ ತಪ್ಪತದೇನು?" ಎನ್ನುತ್ತಿದ್ದರು. ಪ್ರಶಾಂತ ಎಂಬ ನನ್ನ ಹೆಸರನ್ನು ಅವರು ಒಮ್ಮೆಯೂ ಪೂರ್ತಿ ಹೇಳಲಿಲ್ಲ.

ಒಂದು ಕಾಲೇಜಿನ ಗ್ಯಾದರಿಂಗಿನಲ್ಲಿ ನಮ್ಮ ಎರಡನೆಯ ಹಾಡಿಗೇ ಜನ ಎದ್ದು ಊಟದ ಪಂಡಾಲಿಗೆ ಹೋದರು. ಉಳಿದವರು ಇಬ್ಬರು ವಾಚ್‌ಮನ್ನರು ಮತ್ತು ಒಬ್ಬ ಶೇಂಗಾ ಮಾರುವವ. ಡೇವಿಡ್ ಅವಮಾನದಿಂದ ಗಿಟಾರಿನ ವೈರು ಕೀಳತೊಡಗಿದ. ಸರ್ ಕೂತಲ್ಲಿಂದಲೇ, "ಮೂರ ಮಂದಿ ಅದಾರಲ್ಲೋ, ಮುಗಸೋಣು" ಎಂದರು. ಮುಗಿಸಿದೆವು. ಇಳಿದ ಮೇಲೆ ನನಗೆ ಹೇಳಿದರು: "ಮಂದಿ ಹೆಚ್ಚಾದ್ರಂತ ತಾಳ ಲಗೂ ಮಾಡಬ್ಯಾಡ, ಕಡಿಮ್ಯಾದ್ರಂತ ಸಾವಕಾಶ ಮಾಡಬ್ಯಾಡ. ಹಾಡಿಗೆ ಮಂದಿ ಕಾಣೂದಿಲ್ಲ." ಶೇಂಗಾದವನು ನಮ್ಮ ಮೂವರಿಗೂ ಒಂದೊಂದು ಪೊಟ್ಟಣ ಕೊಟ್ಟು ರೊಕ್ಕ ತೆಗೆದುಕೊಳ್ಳಲಿಲ್ಲ. ನಮ್ಮ ಬ್ಯಾಂಡಿನ ಮೊದಲ ಸಂಭಾವನೆ ಅದೇ.

ಅವರಪ್ಪ ಗೋದಾಮಿಗೆ ಬಂದದ್ದು ಒಂದೇ ಸಲ. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮಗ ಡ್ರಮ್ ಕೊಂಡ ಮೇಲೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಬಂದವರು ಗಾದಿಯ ಮೇಲೆ ಕೂತು ಎರಡು ಹಾಡು ಕೇಳಿ ಮಗನನ್ನು ಕೇಳಿದರು.

"ಯಾರರ ಹೇಳಿ ಕಳಿಸಿದ್ರ ಹೋಗಬೇಕೇನು ನೀ?"

"ಇಲ್ಲಪ್ಪಾ. ನಮಗ ಮನಸ್ಸಿದ್ರ ಹೋಗತೇವಿ."

"ಮನಸ್ಸಿಲ್ಲಂದ್ರ?"

"ಬರೂದಿಲ್ಲ ಅಂತ ಹೇಳತೇವಿ."

ಅಪ್ಪ ಗೋಡೆಯ ಗಾದಿಗೆ ಒರಗಿ ಕೂತು, "ಹಂಗಾದ್ರ ಬಾರಸು" ಎಂದರು.

ಅವರು ಹೋದ ಮೇಲೆ ಸರ್ ನನಗೆ ಹೇಳಿದರು. ಅವರಜ್ಜ ಹಳ್ಳಿಯಲ್ಲಿ ಹಲಗೆ ಬಾರಿಸುತ್ತಿದ್ದರಂತೆ. ಸಾವಿಗೆ, ಮೆರವಣಿಗೆಗೆ, ಡಂಗುರಕ್ಕೆ, ದೊಡ್ಡವರ ಮನೆಯಿಂದ ಯಾವಾಗ ಹೇಳಿ ಕಳಿಸಿದರೂ ಹೋಗಲೇಬೇಕು. ಅಂಗಿ ತೊಟ್ಟು ಬಾರಿಸುವ ಹಾಗಿರಲಿಲ್ಲ. ಅಪ್ಪ ಓದಿಕೊಂಡು, ಊರಿಗೂ ಹಲಗೆಗೂ ಬೆನ್ನು ಮಾಡಿ ಹುಬ್ಬಳ್ಳಿಗೆ ಬಂದು ನೌಕರಿ ಹಿಡಿದರು, ಬೌದ್ಧರಾದರು, ಮಗನಿಗೆ ಮಿಲಿಂದ ಎಂದು ಹೆಸರಿಟ್ಟರು. "ನಾವು ಹೊರಗ ಒಗದದ್ದನ್ನ ನೀ ರೊಕ್ಕಾ ಕೊಟ್ಟು ಒಳಗ ತಂದೀಯಲ್ಲೋ ಅಂತ ಅಪ್ಪನ ಸಿಟ್ಟು" ಎಂದು ಸರ್ ನಕ್ಕರು. ಮುಂದಿನ ರವಿವಾರದಿಂದ ಆ ಬಿಳಿ ಅಂಗಿಗೆ ಅಪ್ಪನೇ ಇಸ್ತ್ರಿ ಮಾಡಿ ಕಳಿಸುತ್ತಿದ್ದರು.

ಇದನ್ನು ಕೇಳಿಸಿಕೊಂಡ ನಾನು ಮಾಡಿದ್ದೇನೆಂದರೆ, ಅದನ್ನು ಬಳಸಿಕೊಂಡೆ. ಬೆಂಗಳೂರಿನ ಟಿ.ವಿ. ಚಾನೆಲ್ಲೊಂದು ಹೊಸ ಬ್ಯಾಂಡುಗಳ ಸ್ಪರ್ಧೆ ಇಟ್ಟಿತ್ತು. ಫಾರ್ಮಿನಲ್ಲಿ 'ನಿಮ್ಮ ಬ್ಯಾಂಡಿನ ವಿಶೇಷವೇನು?' ಎಂಬ ಪ್ರಶ್ನೆ ಇತ್ತು. ವಿಶೇಷ ಏನೂ ಇರಲಿಲ್ಲ. 'ನಮ್ಮ ಡ್ರಮ್ಮರ್ ತಲತಲಾಂತರದ ಹಲಗೆ ವಾದಕರ ಮನೆತನದವರು' ಎಂದು ನಾನು ಬರೆದೆ. ನಮ್ಮ ಮನೆಯಲ್ಲಿ ಅಜ್ಜನ ಕಥೆಯೆಂದರೆ ಬರೀ ಹೆಮ್ಮೆಯ ಕಥೆ. ಎಲ್ಲರ ಮನೆಯಲ್ಲೂ ಹಾಗೇ ಎಂದುಕೊಂಡಿದ್ದೆ.

ಆಯ್ಕೆಯಾದೆವು. ಆದರೆ ಚಾನೆಲ್ಲಿನವರಿಗೆ ಡ್ರಮ್ ಸೆಟ್ ಬೇಡವಾಗಿತ್ತು. ಸರ್ ಬರಿಮೈ ಮೇಲೆ ಕಂಬಳಿ ಹೊದ್ದು, ಕಾಲಿಗೆ ಗೆಜ್ಜೆ ಕಟ್ಟಿ, ಹಲಗೆ ಬಾರಿಸಬೇಕು, ತೆರೆಯ ಮೇಲೆ ಚಂದ ಕಾಣುತ್ತದೆ ಎಂದರು. ಗೋದಾಮಿನಲ್ಲಿ ನಮ್ಮೆದುರೇ ಫೋನಿನಲ್ಲಿ ಅದನ್ನು ಕೇಳಿಸಿಕೊಂಡ ಸರ್ ಸಿಟ್ಟು ಮಾಡಲಿಲ್ಲ.

"ಹಲಗಿ ಕೆಟ್ಟದ್ದಲ್ಲೋ. ಈಗಿನ ಹುಡುಗೂರು ಅಭಿಮಾನದಿಂದ ಬಾರಸ್ತಾರ, ಕೇಳಿದ್ರ ನನಗೂ ಖುಷಿ ಆಗತದ. ಆದ್ರ ನಾ ಕಲತದ್ದು ಈ ಡ್ರಮ್ಮು. ಅಂಗಿ ತಗದು ಅದನ್ನ ಬಾರಸು ಅಂತ ಇನ್ನೊಬ್ರು ನನಗ ಹೇಳಬಾರದು. ನೀವಿಬ್ರು ಹೋಗಿ ಬರ್ರಿ."

ಆಮೇಲೆ ನನ್ನ ಕಡೆ ನೋಡಿ ಕೇಳಿದರು: "ಅವರಿಗೆ ಅಜ್ಜನ ಸುದ್ದಿ ಯಾರು ಹೇಳಿದ್ರು?"

"ಗೊತ್ತಿಲ್ರಿ ಸರ್" ಎಂದೆ.

ನಾವಿಬ್ಬರು ಹೋದೆವು. ಕಂಬಳಿ ಹೊದಿಸಿದ ಬೇರೊಬ್ಬ ಕಲಾವಿದರನ್ನು ಚಾನೆಲ್ಲಿನವರೇ ತಂದು ನಿಲ್ಲಿಸಿದರು. ಮೊದಲ ಸುತ್ತಿನಲ್ಲೇ ಹೊರಬಿದ್ದು ಮುಖ ಸಣ್ಣದು ಮಾಡಿಕೊಂಡು ಬಂದರೆ, ರವಿವಾರ ಸರ್ ಗೋದಾಮಿನಲ್ಲಿ ನಮಗಿಂತ ಮುಂಚೆ ಬಂದು ಕೂತಿದ್ದರು. "ಟಿ.ವಿ.ಯಾಗ ನೋಡಿದೆ. ಎರಡನೇ ಸಾಲಿಗೆ ಲಗೂ ಬಂದಿ" ಎಂದರು. ಅಷ್ಟೇ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಒಂದು ಸುಳ್ಳನ್ನು ಒಪ್ಪಿಕೊಳ್ಳಲು ನಾನು ಎರಡು ವರ್ಷ ತೆಗೆದುಕೊಂಡೆ. ಹೋದ ವರ್ಷ ತಾಲೀಮು ಮುಗಿಸಿ ಅವರ ಜೊತೆ ಬಸ್ ನಿಲ್ದಾಣದ ತನಕ ನಡೆದು ಹೋದೆ.

"ಸರ್, ಆ ಫಾರ್ಮಿನ್ಯಾಗ ಬರದಾಂವ ನಾನರಿ."

"ಗೊತ್ತದ. ಇರಾವ್ರು ಮೂರ ಮಂದಿ. ನಾ ಬರದಿಲ್ಲ. ಡೇವಿಡ್ಡಗ ತನ್ನ ಹೆಸರು ಬರ್ಯಾಕ ಒಂದ ತಾಸ ಬೇಕು. ಇದಕ್ಕ ಗಣಿತ ಮಾಸ್ತರ ಆಗಬೇಕೇನೋ?"

"ಮತ್ತ ಅವತ್ತ ಯಾಕ ಕೇಳಿದ್ರಿ?"

"ನೀ ಹೇಳತೀಯೇನೋ ಅಂತ."

ನನ್ನ ಕಣ್ಣಲ್ಲಿ ನೀರು ಬಂತು. ಅವರು ಬೇರೆ ಕಡೆ ನೋಡಿದರು. ಬಸ್ಸು ಬಂದಾಗ, "ಇನ್ನ ಮ್ಯಾಲ ನಮ್ಮ ಸುದ್ದಿ ಬರಿಯೂದಾದ್ರ ಮೊದಲ ಕೇಳಪಾ" ಎಂದು ಭುಜ ತಟ್ಟಿ ಹತ್ತಿದರು. ಅವರನ್ನು ನಾನು ನೋಡಿದ್ದು ಅದೇ ಕೊನೆ. ಆ ವಾರವೇ ಪಾಠ ಮಾಡುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದರು. ಸತ್ತೂರಿನ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಹೋಗಿಬಿಟ್ಟರು.

ಈ ಬರಹಕ್ಕೆ ಅವರನ್ನು ಕೇಳುವ ಹಾಗಿಲ್ಲ. ಆದ್ದರಿಂದ ಇಲ್ಲಿಯವರೆಗೆ ಬರೆದದ್ದನ್ನು ಹಿಡಿದುಕೊಂಡು ಅವರಪ್ಪನ ಹತ್ತಿರ ಹೋದೆ. ನನ್ನ ಸುಳ್ಳನ್ನೂ ಬಿಡದೆ ಓದಿ ಹೇಳಿದೆ. ಮುದುಕರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.

"ಖರೇ ಅದ, ಎಲ್ಲಾ ಖರೇ ಅದ" ಎಂದರು. "ನಮ್ಮಪ್ಪನ ಸುದ್ದಿ ಬರದಿ, ನನ್ನ ಸುದ್ದಿ ಬರದಿ, ಅಂಗಿ ಸುದ್ದೀನೂ ಬರದಿ. ಅಂವ ಹೆಂಗ ಬಾರಸ್ತಿದ್ದ ಅಂತ ಎಲ್ಲೆ ಬರದಿ?"

ನಾನು ಹಾಳೆ ತಿರುವಿ ಹಾಕಿದೆ. ಎಲ್ಲೂ ಇರಲಿಲ್ಲ.

"ಇಲ್ರಿ ಅಜ್ಜಾರ."

"ಅದನ್ನ ಬರಿ. ಉಳದದ್ದು ಇದ್ರ ಇರಲಿ."

ಬರೆಯುತ್ತಿದ್ದೇನೆ. ಅವರು ಹಿಂದೆ ಕೂತಿದ್ದರೆ ನನಗೆ ಯಾವ ವೇದಿಕೆಯ ಮೇಲೂ ಹೆದರಿಕೆ ಆಗುತ್ತಿರಲಿಲ್ಲ. ಮಿಲಿಂದ ಸರ್ ಭಾಳ ಛಲೋ ಬಾರಿಸುತ್ತಿದ್ದರು.